ಜೋಗದ ನೀರು ಹೋದದ್ದೆಲ್ಲಿಗೆ?

ಟಿ. ದಾಸರಹಳ್ಳಿಯ ನಮ್ಮ ಬಡಾವಣೆಯ ಮಗ್ಗುಲಲ್ಲೇ ಹಾಯ್ದುಹೋಗುವ ತುಮಕೂರು ರಸ್ತೆಯನ್ನು ಹಿಡಿದು ಹೊರಟವರು ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿ ಜೋಗವನ್ನು ಸೇರಬಹುದು. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಹೋದವರೆಲ್ಲ ಕೇಳುವ ಪ್ರಶ್ನೆ ಒಂದೇ: ನೀರೆಲ್ಲಿ? ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು 830 ಅಡಿಯ ಕರಿಬಂಡೆಯ ಮೇಲೆ ಬರಿಯ ಬಿಳಿಯ ಎಳೆಗಳಾಗಿ ಉಳಿದಿರುತ್ತವೆ. ನಾನೂ ಅದನ್ನೇ ಕೇಳಿದೆ. ಉತ್ತರ ದೊರೆತದ್ದು ಚರಿತ್ರೆಯಲ್ಲಿ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಬೆಳಕಿನ ರುಚಿ ಕಂಡ ನಾಡಿಗೆ ಕಾವೇರಿಯೊಂದೇ ಸಾಲದಾಯಿತು. 1940ರ ದಶಕದಲ್ಲಿ ಶರಾವತಿಗೆ ಅಡ್ಡಲಾಗಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಜೋಗದ ವಿದ್ಯುದಾಗಾರಕ್ಕೆ 1949ರಲ್ಲಿ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. ಅದೂ ಸಾಲದೆ 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಿತು. ಅದರ ನೀರು ಜಲಪಾತವನ್ನು ಬಳಸಿಕೊಂಡು, ತಳಕಳಲೆಯ ಮೂಲಕ, 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಹಳೆಯ ಹಿರೇಭಾಸ್ಕರ ಅಣೆಕಟ್ಟನ್ನೇ ಹೊಸ ಜಲಾಶಯ ನುಂಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ತಲೆಯೆತ್ತಿ ನಿಲ್ಲುತ್ತದೆ.

ಆಸ್ಟ್ರಿಯಾದ ಆಲ್ಪ್ಸ್ ಪರ್ವತಗಳಲ್ಲಿ ಇನ್ನೊಂದು ತೀರ್ಮಾನವಾಯಿತು. ಅಲ್ಲಿನ ಕ್ರಿಮ್ಲ್ ಜಲಪಾತ ಮೂರು ಹಂತಗಳಲ್ಲಿ 380 ಮೀಟರು ಧುಮುಕುತ್ತದೆ. ಅದರ ನೀರನ್ನೂ ವಿದ್ಯುತ್ತಿಗೆ ತಿರುಗಿಸುವ ಯೋಜನೆಯಿತ್ತು. ಜನರು ವಿರೋಧಿಸಿದರು, ಯೋಜನೆ ನಿಂತಿತು. 1967ರಲ್ಲಿ ಯೂರೋಪಿನ ಮಂಡಲಿ ಆ ಜಲಪಾತಕ್ಕೆ ತನ್ನ ನಿಸರ್ಗ ಸಂರಕ್ಷಣೆಯ ಗೌರವವನ್ನಿತ್ತಿತು.

ಹಾಗೆಂದು ನಮ್ಮ ಹಿರಿಯರು ಸೌಂದರ್ಯವನ್ನು ಅರಿಯದವರೆನ್ನುವುದು ಸಲ್ಲದು. ಲಾಟೀನಿನ ಮಬ್ಬಿನಲ್ಲಿ ಓದಿದವರಿಗೆ ವಿದ್ಯುದ್ದೀಪವೂ ಒಂದು ಸೌಂದರ್ಯವೇ ಆಗಿತ್ತು. 1970ರ ದಶಕದಲ್ಲಿ ನಮ್ಮ ನೆರೆಯ ಪೀಣ್ಯದಲ್ಲಿ ಕಾರ್ಖಾನೆಗಳು ತಲೆಯೆತ್ತಿದಾಗ ನಾಡಿನ ವಿದ್ಯುತ್ತಿಗೆ ಮುಖ್ಯ ಆಧಾರವಾಗಿದ್ದುದು ಶರಾವತಿಯೇ. ಆ ಯಂತ್ರಗಳಿಂದ ಅನ್ನ ಕಂಡ ಮನೆಗಳು ಈ ಭಾಗದಲ್ಲಿ ಕಡಿಮೆಯಲ್ಲ.

ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಸೊರಗಿದ ಜಲಪಾತ ಮಳೆ ಜೋರಾದರೆ ಮತ್ತೆ ಮೈದುಂಬೀತು. ಹಿನ್ನೀರಿನಲ್ಲಿ ಮುಳುಗಿದ ಊರುಗಳ ಗದ್ದೆ, ತೋಟ, ದೇವರಗುಡಿಗಳು ಮರಳಲಿಲ್ಲ. ಮನೆ ಬಿಟ್ಟು ಎದ್ದ ಎಷ್ಟೋ ಸಂಸಾರಗಳು ಹೊಸ ನೆಲದ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದವು. ಜೋಗಕ್ಕೆ ಹೋದವರು ಧಾರೆ ತೆಳುವಾಯಿತೆಂದು ಮರುಗುವುದು ಸಹಜವೇ. ಆ ಮರುಕದಲ್ಲಿ ಒಂದು ಪಾಲು ಈ ಜನರಿಗೂ ಸಲ್ಲಬೇಕು.