ಹಣ್ಣಿನ ಬಣ್ಣವೂ ಗಣಕದ ಅಂಕಿಯೂ: ಕಾಫಿ ಸೀಮೆಯ ವರ್ಣವಿವೇಚನೆ

ಚಿಕ್ಕಮಗಳೂರು ತಾಲ್ಲೂಕಿನ ಮಲ್ಲಂದೂರಿನ ಸುತ್ತಲ ತೋಟಗಳಲ್ಲಿ ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ ನಡೆಯುತ್ತದೆ. ಆ ದಿನಗಳಲ್ಲಿ ಕಾಯಿ, ಬಣ್ಣ ತಿರುಗಿದ ಕಾಯಿ, ಹಣ್ಣು, ಗಿಡದಲ್ಲೇ ಒಣಗಿದ ಹಣ್ಣು ಇವೆಲ್ಲ ಒಂದೇ ರೆಂಬೆಯಲ್ಲಿ ಕಾಣಸಿಗುತ್ತವೆ. ಕೊಯ್ಯುವ ಹೆಂಗಸು ಇವುಗಳಲ್ಲಿ ಹಣ್ಣನ್ನಷ್ಟೇ ಆಯ್ದು ಬುಟ್ಟಿಗೆ ಹಾಕುತ್ತಾಳೆ. ಇದೇ ಆಯ್ಕೆಯನ್ನು ಗಣಕಕ್ಕೆ ಒಪ್ಪಿಸಬೇಕಾದಾಗ ಬಣ್ಣವನ್ನು ಅಂಕಿಗಳಲ್ಲಿ ಬರೆಯಬೇಕಾಗುತ್ತದೆ. ಜನಪದರ ವರ್ಣಪ್ರಜ್ಞೆಗೂ ಆ ಬರವಣಿಗೆಗೂ ಇರುವ ಅಂತರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದ ವರ್ಣಪದಗಳಲ್ಲಿ ಹಲವು ಮೂಲತಃ ವಸ್ತುವಿನ ಸ್ಥಿತಿಯನ್ನು ಹೇಳುವಂಥವು. ‘ಹಸಿರು’ ಎಂಬುದು ‘ಹಸಿ’ಯ ನೆಂಟ. ‘ಹಣ್ಣು’ ಎಂಬ ಪದವಂತೂ ಬಣ್ಣವನ್ನು ಹೆಸರಿಸದೆಯೇ ಸೂಚಿಸುತ್ತದೆ: ಕಾಫಿಯ ಹಣ್ಣು ಕೆಂಪು, ಹಣ್ಣೆಲೆ ಹಳದಿ. ಎರಡಕ್ಕೂ ಒಂದೇ ಮಾತು ಒಪ್ಪುವುದಾದರೆ ಅದು ಬಣ್ಣದ ಹೆಸರಲ್ಲ, ಮಾಗುವಿಕೆಯ ಹೆಸರು. ಕಾಯಿಯೂ ಅಲ್ಲದ ಪೂರ್ಣ ಹಣ್ಣೂ ಅಲ್ಲದ ನಡುವಣ ಹದಕ್ಕೆ ‘ದೋರೆಗಾಯಿ’ ಎಂಬ ಪ್ರತ್ಯೇಕ ಪದವೇ ನಮ್ಮಲ್ಲಿದೆ.

ಗಣಕದ ದಾರಿ ಬೇರೆ. ಕಣ್ಣು ಮೂರು ಬಗೆಯ ಸಂವೇದನೆಗಳಿಂದ ಬಣ್ಣಗಳನ್ನು ಅರಿಯುತ್ತದೆಂದು ಥಾಮಸ್ ಯಂಗ್ 1802ರಲ್ಲಿ ಸೂಚಿಸಿದನು. 1861ರಲ್ಲಿ ಮ್ಯಾಕ್ಸ್‌ವೆಲ್ ಮೂರು ಶೋಧಕಗಳ ಮೂಲಕ ತೆಗೆದ ಚಿತ್ರಗಳನ್ನು ಸೇರಿಸಿ ವರ್ಣಚಿತ್ರವನ್ನು ತೋರಿಸಿದನು. ಇಂದಿನ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ 0ರಿಂದ 255ರವರೆಗೆ ಬೆಲೆಯಿದ್ದು, ಒಟ್ಟು 1,67,77,216 ಸಂಯೋಜನೆಗಳು ದೊರೆಯುತ್ತವೆ. ಇಷ್ಟೊಂದು ಬಣ್ಣಗಳಲ್ಲಿ ಒಂದಕ್ಕೂ ಹಸಿ-ಹಣ್ಣಿನ ಭೇದ ತಿಳಿಯದು ಎಂಬುದು ಬೇರೆ ಮಾತು.

ಒಂದು ಉದಾಹರಣೆಯನ್ನು ಗಮನಿಸಬಹುದು. ಬಿಸಿಲಿನಲ್ಲಿರುವ ಹಣ್ಣಿನ ಬೆಲೆ 180, 30, 40 ಎಂದಿಟ್ಟುಕೊಳ್ಳೋಣ. ಸಿಲ್ವರ್ ಓಕ್ ಮರದ ನೆರಳಿನಲ್ಲಿ ಅದೇ ಹಣ್ಣು 90, 15, 20 ಆಗಬಹುದು. ಮೂರು ಅಂಕಿಗಳೂ ಅರ್ಧಕ್ಕಿಳಿದವು. ಕೊಯ್ಯುವವಳ ಪಾಲಿಗೆ ಹಣ್ಣು ಬದಲಾಗಲಿಲ್ಲ. ಈ ತೊಡಕಿಗೆ ಪರಿಹಾರವಾಗಿ ಒದಗುವುದು 1978ರಲ್ಲಿ ಆಲ್ವಿ ರೇ ಸ್ಮಿತ್ ಪ್ರಕಟಿಸಿದ, ವರ್ಣ, ಗಾಢತೆ, ಪ್ರಕಾಶಗಳನ್ನು ಬೇರ್ಪಡಿಸುವ ಕ್ರಮ. ಇದರಲ್ಲಿ ವರ್ಣವು 360 ಅಂಶಗಳ ಚಕ್ರ. ಲೆಕ್ಕ ಹಾಕಿದರೆ ಮೇಲಿನ ಎರಡೂ 356ನೆಯ ಅಂಶದಲ್ಲೇ ನಿಲ್ಲುತ್ತವೆ. ಇಲ್ಲಿ ಯಂತ್ರವು ಜನಪದರ ಕಣ್ಣಿಗೆ ಒಂದು ಹೆಜ್ಜೆ ಹತ್ತಿರ ಬಂದಿತೆನ್ನಬೇಕು.

ಆದರೆ ಚಕ್ರದ ಆರಂಭವೂ ಅಂತ್ಯವೂ ಕೆಂಪಿನಲ್ಲೇ ಇವೆ. ‘ವರ್ಣ 15ಕ್ಕಿಂತ ಕಡಿಮೆಯಿದ್ದರೆ ಹಣ್ಣು’ ಎಂದು ಬರೆದ ಕ್ರಮವಿಧಿ 356ರ ಒಳ್ಳೆಯ ಹಣ್ಣನ್ನು ತಿರಸ್ಕರಿಸುತ್ತದೆ. 350 ಮತ್ತು 10 ಅಂಶಗಳ ಎರಡು ಕೆಂಪು ಹಣ್ಣುಗಳಿಗೆ ಸಾಮಾನ್ಯ ಸರಾಸರಿ ತೆಗೆದರೆ 180 ಬರುತ್ತದೆ, ಅದು ಹಸಿರುನೀಲಿ! ಯಾವ ತೋಟದಲ್ಲೂ ಬೆಳೆಯದ ಹಣ್ಣು ಅದು. ಕೋನಗಳ ಸರಾಸರಿಯನ್ನು ಬೇರೆಯೇ ವಿಧಾನದಿಂದ ಕಂಡುಹಿಡಿಯಬೇಕಾಗುತ್ತದೆ.

ಈ ಗಡಿರೇಖೆಯನ್ನು ಎಳೆಯುವವರು ಯಾರು ಎಂಬುದು ಕ್ಯೂರಿಂಗ್ ವರ್ಕ್ಸ್‌ಗಳ ಚರಿತ್ರೆಯಲ್ಲಿ ಸಣ್ಣ ಪ್ರಶ್ನೆಯಲ್ಲ. 1942ರ ಕಾಯ್ದೆಯ ಬಳಿಕ ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಸೇರುತ್ತಿದ್ದಾಗ, ಕಪ್ಪು, ಕಂದು, ಒಡಕು ಬೀಜಗಳನ್ನು ಆರಿಸಿ ತೆಗೆಯುವ ಕೆಲಸ ಮುಖ್ಯವಾಗಿ ಹೆಂಗಸರದಾಗಿತ್ತು. ಪೂಲ್ ವ್ಯವಸ್ಥೆ 1996ರಲ್ಲಿ ಕೊನೆಗೊಂಡಿತು. ಆರಿಸುವ ಕೆಲಸದ ಬಹುಪಾಲು ಈಗ ಬಣ್ಣ ವಿಂಗಡಿಸುವ ಯಂತ್ರಗಳಿಗೆ ಸಂದಿದೆ: ಬೀಜ ಜಾರುವಾಗ ಕ್ಯಾಮೆರಾ ನೋಡುತ್ತದೆ, ಕೆಟ್ಟದ್ದನ್ನು ಗಾಳಿಯ ಚಿಮ್ಮು ಹೊರತಳ್ಳುತ್ತದೆ. ಇಂಥ ಯಂತ್ರವನ್ನು ಹದಗೊಳಿಸುವಾಗ ಒಳ್ಳೆಯ ಮತ್ತು ಕೆಟ್ಟ ಬೀಜಗಳ ಮಾದರಿಯನ್ನು ತೋರಿಸಬೇಕಾಗುತ್ತದೆ. ಆ ಮಾದರಿಯನ್ನು ಆರಿಸುವುದು ಮನುಷ್ಯರ ಕಣ್ಣೇ. ಆದರೆ ಯಂತ್ರದಲ್ಲಿ ಉಳಿಯುವುದು ಕೆಲವು ಅಂಕಿಗಳು ಮಾತ್ರ. ಆರಿಸಿದವರ ಪದಗಳಿಗೆ ಅಲ್ಲಿ ಜಾಗವಿಲ್ಲ.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ಹಣ್ಣಿನದಾಗಲಿ ಬೀಜದ್ದಾಗಲಿ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಬೂದು ಬಣ್ಣದ ಪಟ್ಟಿಯೊಂದನ್ನು ಇಟ್ಟು, ಬೆಳಕಿನ ಹೊತ್ತನ್ನೂ, ಆರಿಸಿದಾಕೆ ಅದಕ್ಕೆ ಹೇಳಿದ ಹೆಸರನ್ನೂ ಅದೇ ಹಾಳೆಯಲ್ಲಿ ದಾಖಲಿಸಿಕೊಳ್ಳುವುದು ಅವಶ್ಯಕ.