ನುಡಿ ಯಾವುದರಲ್ಲಿ ಓಡುತ್ತೆ?

ನಾನು ಬಿಇ ಓದುವಾಗ, ಅಂದ್ರೆ 2007ರ ಸುಮಾರಿಗೆ, ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ರೂಮು ಮಾಡ್ಕೊಂಡಿದ್ದೆ. ರೂಮಿನಲ್ಲಿ ರಾತ್ರಿಯೆಲ್ಲ ಒಂದೇ ವಾದ: ವಿಂಡೋಸ್ ಭದ್ರವೋ, ಲಿನಕ್ಸ್ ಭದ್ರವೋ? ಗೆಲ್ಲುತ್ತಿದ್ದದ್ದು ಯಾವಾಗಲೂ ಲಿನಕ್ಸ್ ಪಾರ್ಟಿ. ಬೆಳಗಾದರೆ ಆ ಪಾರ್ಟಿಯವರೂ ಮಹಾಜನ ಕಾಲೇಜಿನ ಆಸುಪಾಸಿನ ಡಿಟಿಪಿ ಅಂಗಡಿಗೇ ಹೋಗ್ಬೇಕಿತ್ತು. ಊರಿನ ಅರ್ಜಿಯೋ ಸಂಘದ ಕರಪತ್ರವೋ ಕನ್ನಡದಲ್ಲಿ ಟೈಪ್ ಆಗಬೇಕು. ಕನ್ನಡ ಅಂದ್ರೆ ನುಡಿ, ನುಡಿ ಅಂದ್ರೆ ವಿಂಡೋಸ್. ವಾಪಸ್ ಬರುವಾಗ ಪೆನ್‌ಡ್ರೈವ್‌ನಲ್ಲಿ ಕರಪತ್ರದ ಜೊತೆಗೆ ‘ನ್ಯೂ ಫೋಲ್ಡರ್’ ಅನ್ನೋ ವೈರಸ್ಸೂ ಬರ್ತಿತ್ತು.

ನಮ್ಮ ರಾಜ್ಯದಲ್ಲಿ ಆಪರೇಟಿಂಗ್ ಸಿಸ್ಟಮ್‌ಗಳ ಚರಿತ್ರೆಯನ್ನು ಎಲ್ಲಿಂದ ಓದಬೇಕು ಅಂತ ಕೇಳಿದರೆ ನಾನು ಈ ಅಂಗಡಿಗಳಿಂದ ಅಂತೀನಿ. ಆದ್ರೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಒಂದೇ ಯಂತ್ರವನ್ನು ಹತ್ತಾರು ಜನ ಹಂಚ್ಕೊಂಡು ಬಳಸುವ ಕಾಲ ಅದು. ಹಂಗಾಗಿ ವಠಾರದ ಥರ, ಪ್ರತಿಯೊಬ್ಬರಿಗೂ ಅವರವರ ಕೋಣೆ, ಅವರವರ ಬೀಗ. ಎಲ್ಲ ಕೋಣೆಗಳ ಕೀಲಿ ಇರೋದು ‘ರೂಟ್’ ಅನ್ನೋ ಒಬ್ಬ ಯಜಮಾನನ ಹತ್ತಿರ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದಾಗ ಇದೇ ಕಟ್ಟುಪಾಡನ್ನು ಇಟ್ಕೊಂಡರು. 1981ರ ಡಾಸ್ ಹಂಗಲ್ಲ. ಒಬ್ಬನೇ ಮನುಷ್ಯ, ಒಂದೇ ಕಂಪ್ಯೂಟರ್, ಬೀಗ ಯಾರಿಗೆ ಬೇಕು? ಅದರ ಮೇಲೆ ಕಟ್ಟಿದ್ದೇ ವಿಂಡೋಸ್ 95 ಮತ್ತು 98. ವಿಂಡೋಸ್ 98ರ ಪಾಸ್‌ವರ್ಡ್ ಪೆಟ್ಟಿಗೆ ನೆನಪಿದೆಯಾ? ಪಾಸ್‌ವರ್ಡ್ ಗೊತ್ತಿಲ್ಲದಿದ್ರೆ ‘ಕ್ಯಾನ್ಸಲ್’ ಒತ್ತಿದರೆ ಸಾಕು, ಒಳಗೆ ಬಿಡ್ತಿತ್ತು!

ಆದ್ರೆ ವಿಂಡೋಸ್ ಅನ್ನೋ ಹೆಸರಿನಲ್ಲೇ ಇನ್ನೊಂದು ವಂಶವೂ ಬೆಳೀತಾ ಇತ್ತು. ಡಿಜಿಟಲ್ ಕಂಪನಿಯಲ್ಲಿ ವಿಎಂಎಸ್ ಕಟ್ಟಿದ್ದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟ್ ಸೇರಿದರು; ಅವರ ತಂಡದ ವಿಂಡೋಸ್ ಎನ್‌ಟಿ 1993ರಲ್ಲಿ ಹೊರಬಂತು. ಬಳಕೆದಾರರ ನಡುವೆ ಗೋಡೆ, ಫೈಲಿಗೊಂದು ಅನುಮತಿ ಪಟ್ಟಿ, ಒಂದು ಪ್ರೋಗ್ರಾಮ್ ಬಿದ್ದರೆ ಇಡೀ ಯಂತ್ರ ಬೀಳದಂಥ ವ್ಯವಸ್ಥೆ ಎಲ್ಲ ಇತ್ತು. ಕಾಗದದ ಮೇಲೆ ಯೂನಿಕ್ಸ್‌ಗೆ ಏನೂ ಕಡಿಮೆ ಇರಲಿಲ್ಲ. ಕೆಲವು ವಿಷಯದಲ್ಲಿ ಒಂದು ಕೈ ಮೇಲು ಅಂತಲೇ ನನ್ನ ಅಭಿಪ್ರಾಯ. ಲಿನಕ್ಸ್ ಪಾರ್ಟಿಯವರು ಬಯ್ಕೊಳ್ಳಲಿ.

ನಮ್ಮ ಪಹಣಿ ಹೋಗಿ ಕೂತಿದ್ದು ಈ ಎನ್‌ಟಿ ಮೇಲೆ. 2000ದ ಹೊತ್ತಿಗೆ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದುವರೆಗೆ ಶಾನುಭೋಗರ ಕಾಲದಿಂದ ಕೈಬರಹದ ಪುಸ್ತಕದಲ್ಲಿದ್ದ ಹೊಲ ಅದು. ಒಂದು ಸೊನ್ನೆ ತಿದ್ದಿದರೆ ಒಬ್ಬರ ಜಮೀನು ಇನ್ನೊಬ್ಬರದಾಗ್ತಿತ್ತು. ಎನ್‌ಐಸಿಯವರು ಬರೀ ಪಾಸ್‌ವರ್ಡ್ ನಂಬಲಿಲ್ಲ. ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸ್ತಾರೆ ಅನ್ನೋದು ಅವರಿಗೂ ಗೊತ್ತಿದ್ದಿರಬೇಕು! ತಾಲ್ಲೂಕು ಕಚೇರಿಯ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಯಾರು ತಿದ್ದಿದರು ಅನ್ನೋದು ದಾಖಲಾಗಬೇಕು. ಆಪರೇಟಿಂಗ್ ಸಿಸ್ಟಮ್ ಕೊಟ್ಟ ಬೀಗದ ಮೇಲೆ ಇನ್ನೊಂದು ಬೀಗ. ಯಾರೋ ಕೂತು ಯೋಚನೆ ಮಾಡಿದ್ದಾರೆ ಅಂತ ಗೊತ್ತಾಗುತ್ತೆ.

ಮಿಕ್ಕ ಕಡೆ ಆ ಯೋಚನೆ ನಡೆಯಲೇ ಇಲ್ಲ. ಅಲ್ಲಿ ಆಪರೇಟಿಂಗ್ ಸಿಸ್ಟಮ್ ಆರಿಸಿದ್ದು ಅಕ್ಷರ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಸರ್ಕಾರಿ ಕಚೇರಿಗಳಲ್ಲಿ ನುಡಿಯೇ ನೆಲೆಯಾಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡಿಗರ ಬೆರಳಿಗೆ ಹತ್ತಿತು. ಇವೆಲ್ಲ ದೊಡ್ಡ ಉಪಕಾರಗಳೇ. ಆದರೆ ಎರಡು ತಂತ್ರಾಂಶವೂ ವಿಂಡೋಸ್‌ಗೆ ಬರೆದವು. ಜೊತೆಗೆ ಆಗಿನ ನುಡಿ ಫೈಲಿನಲ್ಲಿ ಇರುತ್ತಿದ್ದದ್ದು ನಿಜವಾದ ಕನ್ನಡ ಅಕ್ಷರದ ಸಂಕೇತ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಂಡುಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಕಾಣೋದು. ಹಿಂಗಾಗಿ ಒಂದು ಕಚೇರಿ ಲಿನಕ್ಸಿಗೆ ಹೋಗ್ತೀವಿ ಅಂದ್ರೆ ವರ್ಷಗಟ್ಟಲೆ ಬರೆದಿಟ್ಟ ಕಡತವನ್ನೆಲ್ಲ ಹಿಂದೆ ಬಿಟ್ಟು ಹೋಗಬೇಕಿತ್ತು.

ಗಡಿಯಾಚೆ ಬೇರೆಯದೇ ನಡೀತು. ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆ 2000ದ ದಶಕದ ನಡುವಿನಲ್ಲಿ ಶಾಲೆಗಳಿಗೆ ಲಿನಕ್ಸ್ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತರು, ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಓದಿಕೊಂಡು. ಮೈಸೂರಿನಲ್ಲಿ ಬಿಇ ಓದೋ ನಮಗೆ ಲಿನಕ್ಸ್ ಒಂದು ಶೋಕಿ. ಕಾಸರಗೋಡಿನ ಹೈಸ್ಕೂಲ್ ಹುಡುಗಿಗೆ ಅದು ಪರೀಕ್ಷೆಯ ಪಾಠ.

ಈಗ ಪೆನ್‌ಡ್ರೈವ್‌ಗೆ ಬರೋಣ. 2001ರಲ್ಲಿ ಎನ್‌ಟಿ ವಂಶದ ಎಕ್ಸ್‌ಪಿ ಮನೆಮನೆಗೆ ಬಂತು. ಆದರೆ ಮನೆಯಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕೂರ್ತಿದ್ದರು, ಅಂದ್ರೆ ವಠಾರದ ಪ್ರತಿ ಬಾಡಿಗೆದಾರನ ಕೈಲೂ ಯಜಮಾನನ ಕೀಲಿ. ಸಿಡಿ, ಪೆನ್‌ಡ್ರೈವ್ ಹಾಕಿದರೆ ತಾನೇ ಓಡುವ ‘ಆಟೋರನ್’ ಬೇರೆ. ಹುಳುಗಳ ಸಾಲು ಶುರುವಾಯಿತು. 2003ರ ಜನವರಿ 25ರಂದು ಬಂದ ಸ್ಲ್ಯಾಮರ್ ಬರೀ 376 ಬೈಟ್ ಇತ್ತು, ಹತ್ತೇ ನಿಮಿಷದಲ್ಲಿ ಪ್ರಪಂಚ ಸುತ್ತಿತು. ಅದೇ ವರ್ಷ ಬ್ಲಾಸ್ಟರ್, 2004ರಲ್ಲಿ ಸ್ಯಾಸರ್, 2008ರಲ್ಲಿ ಕಾನ್‌ಫಿಕರ್. ಈ ನಾಲ್ಕಕ್ಕೂ ಹುಳು ಬರುವ ಮೊದಲೇ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತ್ತು. ಸ್ಲ್ಯಾಮರ್‌ನದಂತೂ ಆರು ತಿಂಗಳು ಮೊದಲೇ. ಆದ್ರೆ ನಮ್ಮ ಅಂಗಡಿಗಳಲ್ಲಿದ್ದದ್ದು ಕಾಪಿ ಹೊಡೆದ ಎಕ್ಸ್‌ಪಿ. ಅಪ್‌ಡೇಟ್ ಹಾಕಿದರೆ ‘ಇದು ಅಸಲಿ ಅಲ್ಲ’ ಅಂತ ಬರುತ್ತೆ ಅನ್ನೋ ಭಯಕ್ಕೆ, ಜೊತೆಗೆ ಡೇಟಾ ದುಡ್ಡಿಗೆ, ಹುಡುಗ ಬಂದು ಇನ್‌ಸ್ಟಾಲ್ ಮಾಡಿದ ದಿನವೇ ಅಪ್‌ಡೇಟ್ ಆಫ್ ಮಾಡಿ ಹೋಗ್ತಿದ್ದ. ಕನ್ನಡ ಟೈಪಿಸ್ಟ್ ಹೊಟ್ಟೆಪಾಡಿಗೆ ವಿಂಡೋಸ್ ಬಿಡುವಂತಿರಲಿಲ್ಲ, ಅಸಲಿ ವಿಂಡೋಸ್ ಕೊಳ್ಳುವಷ್ಟು ಅವರ ಆದಾಯ ಇರಲಿಲ್ಲ. ಅವರನ್ನು ಕಳ್ಳರು ಅನ್ನೋಕೆ ನನಗೆ ಬಾಯಿ ಬರಲ್ಲ.

ಗಂಟು ಬಿಚ್ಚೋಕೆ ಶುರುವಾಗಿದ್ದು ಯೂನಿಕೋಡ್‌ನಿಂದ. ಮೈಸೂರಿನ ಎಸ್‌ಜೆಸಿಇಯಲ್ಲಿ ಪ್ರಾಧ್ಯಾಪಕರಾಗಿದ್ದ, ಕುವೆಂಪು ಅವರ ಅಳಿಯ ಡಾ. ಕೆ. ಚಿದಾನಂದಗೌಡರ ಅಧ್ಯಕ್ಷತೆಯಲ್ಲಿ ಕನ್ನಡ ತಂತ್ರಾಂಶ ಸಮಿತಿ ಕೆಲಸ ಮಾಡಿತು. 2012ರಲ್ಲಿ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿ ಆದೇಶ ಹೊರಡಿಸಿತು. ಕನ್ನಡದ ಫೈಲು ಯಾವ ಯಂತ್ರದಲ್ಲಾದ್ರೂ ಕನ್ನಡವಾಗಿಯೇ ಕಾಣಬೇಕು ಅನ್ನೋ ಮಾತಿಗೆ ಸರ್ಕಾರದ ಮೊಹರು ಬಿತ್ತು. ಎರಡು ವರ್ಷಕ್ಕೆ, 2014ರ ಏಪ್ರಿಲ್ 8ಕ್ಕೆ, ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ತೇಪೆ ಹಾಕೋದನ್ನೇ ನಿಲ್ಲಿಸಿತು.

ಹಂಗಂತ ಲಿನಕ್ಸ್ ಪಾರ್ಟಿ ಗೆದ್ದುಬಿಡ್ತು ಅನ್ಕೋಬೇಡಿ. ಇಂಟರ್ನೆಟ್ಟನ್ನು ನಡುಗಿಸಿದ ಮೊದಲ ದೊಡ್ಡ ಹುಳು, 1988ರ ಮಾರಿಸ್ ಹುಳು, ನುಗ್ಗಿದ್ದು ಯೂನಿಕ್ಸ್ ಯಂತ್ರಗಳಿಗೆ. 2014ರಲ್ಲಿ ಸಿಕ್ಕ ಶೆಲ್‌ಶಾಕ್ ಅನ್ನೋ ತೂತು ಬ್ಯಾಶ್‌ನಲ್ಲಿ ಸುಮಾರು 25 ವರ್ಷದಿಂದ ಕೂತಿತ್ತು. ‘ಸಾವಿರ ಕಣ್ಣು ನೋಡ್ತಿರುತ್ತೆ’ ಅಂತ ನಾವು ಹೇಳ್ಕೊಂಡು ತಿರುಗ್ತಿದ್ದ ಅಷ್ಟೂ ವರ್ಷ! 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಅನ್ನೋ ಪುಟ್ಟ ತಂತ್ರಾಂಶದೊಳಗೆ ಯಾರೋ ಬೇಕಂತಲೇ ಇಟ್ಟಿದ್ದ ಹಿಂಬಾಗಿಲನ್ನು ಕಂಡುಹಿಡಿದ ಆಂಡ್ರೆಸ್ ಫ್ರಾಯಿಂಡ್, ತಮಾಷೆ ನೋಡಿ, ಮೈಕ್ರೋಸಾಫ್ಟ್ ನೌಕರ. ಲಾಗಿನ್ ಅರ್ಧ ಸೆಕೆಂಡು ತಡ ಆಗ್ತಿದೆಯಲ್ಲ ಅಂತ ಅನುಮಾನಪಟ್ಟು ಕೆದಕಿದವರು. ಅದೇ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಾಯೋಕೆ ಅಂತ ಇಟ್ಟ ತಂತ್ರಾಂಶವೇ ಮಲಗಿಸಿತು. ತೇಪೆ ಹಾಕದಿದ್ದರೂ ಕಷ್ಟ, ಕಣ್ಣುಮುಚ್ಚಿ ಹಾಕಿದರೂ ಕಷ್ಟ.

ಇವತ್ತು ನಮ್ಮೂರಿನಲ್ಲಿ ಮನೆಗೆರಡು ಲಿನಕ್ಸ್ ಇದೆ. ಆಂಡ್ರಾಯ್ಡ್ ಫೋನಿನ ತಳದಲ್ಲಿರೋದು ಅದೇ. ಪ್ರತಿ ಆ್ಯಪ್‌ಗೂ ಬೇರೆ ಕೋಣೆ, ಬೇರೆ ಬೀಗ. 1969ರ ಉಪಾಯವನ್ನು ಇಷ್ಟು ಚೆನ್ನಾಗಿ ಬಳಸಿದವರು ಕಡಿಮೆ. ಆದರೆ ಅಪ್ಪನ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದರೆ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ 2021ರದ್ದು. ಕಂಪನಿಯವರು ಆಮೇಲೆ ಕಳಿಸೇ ಇಲ್ಲ. ಅಪ್ಪ ಅದರಲ್ಲೇ ಪಹಣಿ ನೋಡ್ತಾರೆ, ಡೇರಿ ದುಡ್ಡು ಅಕೌಂಟಿಗೆ ಬಂತಾ ಅಂತ ನೋಡ್ತಾರೆ. ಹೊಸದು ತಗೊಳ್ಳೋಣ ಅಂದ್ರೆ, “ಕನ್ನಡ ಚೆಂದಾಗಿ ಕಾಣ್ತದಲ್ಲಪ್ಪ, ಇರ್ಲಿ ಬಿಡು” ಅಂತಾರೆ.