'ಕ್ಲ್ಯಾಡ್' ಮತ್ತು ದಿಗಂಬರ: ಒಂದು ಅನುವಾದದ ವಿಚಾರ

ಇಂಗ್ಲಿಷಿನ 'ಕ್ಲ್ಯಾಡ್' ಎಂಬುದು ಬಟ್ಟೆ ಉಡಿಸು, ತೊಡಿಸು ಎಂಬರ್ಥದ 'ಕ್ಲೋದ್' ಕ್ರಿಯಾಪದದ ಹಳೆಯ ಕೃದಂತ ರೂಪ. 'ಕ್ಲೋದ್ಡ್' ಎಂಬ ರೂಪವೂ ಅದರ ಜೊತೆಗೇ ಉಳಿದುಬಂದಿದೆ. ಇಂದು 'ಕ್ಲ್ಯಾಡ್' ಹೆಚ್ಚಾಗಿ ಗ್ರಾಂಥಿಕ ಬರಹದಲ್ಲಿಯೂ ಸಮಾಸಗಳಲ್ಲಿಯೂ ಕಾಣಿಸುತ್ತದೆ. ಹಿಮ ಕವಿದ ಬೆಟ್ಟ 'ಸ್ನೋ-ಕ್ಲ್ಯಾಡ್'. 1859ರಲ್ಲಿ ನೀರಿಗಿಳಿದ ಫ್ರಾನ್ಸಿನ 'ಲಾ ಗ್ಲುವಾರ್'ನಂತಹ, ಕಬ್ಬಿಣದ ಕವಚವುಳ್ಳ ಯುದ್ಧನೌಕೆ 'ಐರನ್‌ಕ್ಲ್ಯಾಡ್'. ಕಟ್ಟಡದ ಹೊರಮೈಗೆ ಹೊದಿಸುವ ಪದರ 'ಕ್ಲ್ಯಾಡಿಂಗ್'. ಒಳಗೊಂದು ವಸ್ತು, ಅದರ ಮೇಲೆ ಮತ್ತೊಂದರ ಹೊದಿಕೆ ಎಂಬ ಭಾವ ಈ ಎಲ್ಲ ಬಳಕೆಗಳಿಗೂ ಸಮಾನವಾದುದು.

ಜೈನಧರ್ಮವನ್ನು ಕುರಿತ ಇಂಗ್ಲಿಷ್ ಬರಹಗಳಲ್ಲಿ ಶ್ವೇತಾಂಬರರು 'ವೈಟ್-ಕ್ಲ್ಯಾಡ್', ದಿಗಂಬರರು 'ಸ್ಕೈ-ಕ್ಲ್ಯಾಡ್' ಎನಿಸಿಕೊಂಡಿದ್ದಾರೆ. ಮೊದಲನೆಯದರಲ್ಲಿ ತೊಡಕಿಲ್ಲ, ಎರಡನೆಯದನ್ನು ಪರಿಶೀಲಿಸಬೇಕು.

'ದಿಗಂಬರ' ಬಹುವ್ರೀಹಿ ಸಮಾಸ: ದಿಕ್ಕುಗಳೇ ಯಾರಿಗೆ ಅಂಬರವೋ ಅವನು. 'ಅಂಬರ'ಕ್ಕೆ ಆಕಾಶ, ವಸ್ತ್ರ ಎಂಬ ಎರಡು ಅರ್ಥಗಳಿದ್ದರೂ ಇಲ್ಲಿ ಸಲ್ಲುವುದು ವಸ್ತ್ರವೆಂಬ ಅರ್ಥವೇ. 'ದಿಕ್' ಎಂದರೆ ದಿಕ್ಕು. ಆದ್ದರಿಂದ ಮೂಲದಲ್ಲಿ ದಿಕ್ಕುಗಳಿದ್ದ ಎಡೆಯಲ್ಲಿ ಅನುವಾದವು ಆಕಾಶವನ್ನು ತಂದಿರಿಸಿದೆ. ಸುತ್ತಲೂ ವ್ಯಾಪಿಸಿದ, ಗೋಡೆಯಿಲ್ಲದ ಬಯಲಿನ ಕಲ್ಪನೆ ಇದರಿಂದ ಮಸುಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿಯನ್ನು ಶಾಸನಗಳು ತಿಳಿಸುತ್ತವೆ. ಕದಂಬ ಮೃಗೇಶವರ್ಮನ 5ನೆಯ ಶತಮಾನದ ದೇವಗಿರಿ ತಾಮ್ರಪಟವು ಕಾಲವಂಗ ಗ್ರಾಮವನ್ನು ಮೂರು ಪಾಲು ಮಾಡಿ, ಒಂದನ್ನು ಅರ್ಹಂತರ ಆಲಯಕ್ಕೂ ಒಂದನ್ನು ಶ್ವೇತಪಟ ಮಹಾಶ್ರಮಣ ಸಂಘಕ್ಕೂ ಇನ್ನೊಂದನ್ನು ನಿರ್ಗ್ರಂಥ ಮಹಾಶ್ರಮಣ ಸಂಘಕ್ಕೂ ದಾನವಿತ್ತುದನ್ನು ಹೇಳುತ್ತದೆ. ಒಂದು ಸಂಘಕ್ಕೆ ಬಟ್ಟೆಯಿಂದ ಹೆಸರು ಬಂದಿದೆ. ಮತ್ತೊಂದರ ಹೆಸರಿನಲ್ಲಿ ಬಟ್ಟೆಯ ಪ್ರಸ್ತಾಪವೇ ಇಲ್ಲ. 'ನಿರ್ಗ್ರಂಥ' ಎಂದರೆ ಗಂಟಿಲ್ಲದವನು, ಪರಿಗ್ರಹದ ಕಟ್ಟನ್ನು ಬಿಚ್ಚಿಕೊಂಡವನು. ಜೈನಾಚಾರ್ಯರು ಪರಿಗ್ರಹವನ್ನು ಬಾಹ್ಯ 10, ಆಭ್ಯಂತರ 14 ಎಂದು ವಿಂಗಡಿಸಿದ್ದಾರೆ. ವಸ್ತ್ರವು ಬಾಹ್ಯ ಪರಿಗ್ರಹಕ್ಕೆ ಸೇರಿದುದು. ಮಿಥ್ಯಾತ್ವ, ಕ್ರೋಧ, ಮಾನ, ಮಾಯೆ, ಲೋಭಗಳು ಆಭ್ಯಂತರ. ಮುನಿಯ 28 ಮೂಲಗುಣಗಳಲ್ಲಿ ಒಂದಾದ ವಸ್ತ್ರತ್ಯಾಗಕ್ಕೂ 'ಅಚೇಲಕತ್ವ' ಎಂಬ ನಿಷೇಧಾರ್ಥಕ ಪದವೇ ಇದೆ.

'ದಿಗಂಬರ'ವೂ ರೂಪಕವೇ ಎಂಬುದು ನಿಜ. ಆದರೆ ಪರಂಪರೆಯಲ್ಲಿ ಆ ರೂಪಕದ ಬೆನ್ನಿಗೆ ನಿರ್ಗ್ರಂಥ, ಅಚೇಲಕ ಎಂಬ ಪರಿಭಾಷೆಗಳಿವೆ. ಇಂಗ್ಲಿಷಿಗೆ ಹೋದಾಗ ರೂಪಕವೊಂದೇ ಉಳಿದು, ತ್ಯಾಗವು ಮತ್ತೊಂದು ಬಗೆಯ ಉಡುಗೆಯಂತೆ ತೋರುತ್ತದೆ. 20ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೆರಾಲ್ಡ್ ಗಾರ್ಡ್ನರ್ ಪ್ರಚುರಪಡಿಸಿದ ವಿಕ್ಕಾ ಪಂಥದವರು ತಮ್ಮ ಆಚರಣೆಯ ವೇಳೆಯ ನಗ್ನತೆಗೂ 'ಸ್ಕೈ-ಕ್ಲ್ಯಾಡ್' ಎಂದೇ ಹೇಳುತ್ತಾರೆ. ಅಲ್ಲಿನದು ಆಚರಣೆ ಮುಗಿಯುವವರೆಗಿನ ಸ್ಥಿತಿ. ಮುನಿಯದು ಆಜೀವ ಮಹಾವ್ರತದ ಅಂಗ. ಒಂದೇ ಪದ ಎರಡಕ್ಕೂ ಸಲ್ಲುವಂತಾದರೆ ವ್ರತದ ಅರ್ಥವೇ ಜಾರಿಹೋಗುತ್ತದೆ. ಜೈನ ಕೃತಿಗಳನ್ನು ಇಂಗ್ಲಿಷಿಗೆ ತರುವವರು 'ದಿಗಂಬರ'ವನ್ನು ಹಾಗೆಯೇ ಉಳಿಸಿಕೊಂಡು, ಅದರ ಪಕ್ಕದಲ್ಲಿ 'ನಿರ್ಗ್ರಂಥ'ದ ಅರ್ಥವನ್ನು ವಿವರಿಸುವುದು ಉಚಿತ.